ವಾಯ್ದೆ ಬೇಡ

"ತಲೆ ವಾಲ್ತಾ ಅದೆ, ಗಟ್ಟಿಯಾಗಿ ಹಿಡ್ಕೊ ಭಾಗ್ಯಾ!" ಎಂದು ಗುರುಮಲ್ಲಪ್ಪ ಕೂಗಿದರು.

ಭಾಗ್ಯಮ್ಮ ಎರಡೂ ಕೈಯಲ್ಲಿ ನೀಲಾಂಬಿಕೆಯ ತಲೆಯನ್ನು ನೆಟ್ಟಗೆ ಹಿಡಿದಳು. ಮೂರು ವರ್ಷ ಅವಳು ಈ ವಕೀಲೆಯ ಕೈಕೆಳಗಿನ ಜೂನಿಯರ್ ಆಗಿದ್ದವಳು. ಈ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಪದ್ಮಾಸನದಲ್ಲಿ ಕೂರಿಸಿ, ಬಿದಿರಿನ ವಿಮಾನದಲ್ಲಿ ಹೊತ್ತು, ಕೂತಂತೆಯೇ ಮಣ್ಣು ಮಾಡುತ್ತಾರೆ. ಗುರುಮಲ್ಲಪ್ಪ ತಂಗಿಯ ಹಣೆಗೆ ವಿಭೂತಿ ಹಚ್ಚಿದರು.

ಅಷ್ಟರಲ್ಲಿ ಕಾಟ್ಟಿಕುಳಂನ ಆ ಅಂಗಳಕ್ಕೆ ಜೀಪೊಂದು ಬಂದು ನಿಂತಿತು. ಇಳಿದವರು ಪೇಟೆಯ ಹಿರಿಯ ಮಲಯಾಳಿ ವಕೀಲ ಸುಕುಮಾರನ್. ಹಾರ ಹಾಕಿ ಕೈಮುಗಿದು, ನೇರ ಭಾಗ್ಯಮ್ಮನ ಬಳಿ ಬಂದರು.

"ಪುಟ್ಟಗೌರಮ್ಮನ ಕೇಸು ಇವತ್ತಲ್ಲವಾ ಮೋಳೆ, ಮಗಳೇ? ನಾನು ಹೋಗಿ ವಾಯ್ದೆ ಕೇಳ್ತೇನೆ. ನೀನು ಇಲ್ಲೇ ಇರು."

"ಬೇಡ ಸಾರ್. ನಾಳೆ ಮ್ಯಾಜಿಸ್ಟ್ರೇಟರಿಗೆ ವರ್ಗ. ಹೊಸಬರು ಬಂದ್ರೆ ಎಲ್ಲ ಮೊದಲಿಂದ ಶುರುವಾಗ್ತದೆ."

"ಎರಡು ಮೂರು ತಿಂಗಳು. ಅಷ್ಟೇ ತಾನೆ?"

"ಅಷ್ಟೇನಾ?" ಹೆಂಗಸರ ಗುಂಪಿನಿಂದ ಶಿವಮ್ಮ ಎದ್ದು ಬಂದಳು. ಪುಟ್ಟಗೌರಮ್ಮ ಅವಳ ಮಗಳು. "ಜೈಲಿಗೋಗಿ ನೂರು ದಿನ ಆಯ್ತು ಸಾಮಿ. ಅವ್ಳ ಕೂಸು ಈಗ ನನ್ನೇ ಅವ್ವಾ ಅಂತದೆ."

ಕೇಸಿನ ಕತೆ ಚಿಕ್ಕದು. ತೆಂಕಣ ಸೀಮೆಯಿಂದ ವಲಸೆ ಬಂದ ಉಣ್ಣಿ ಎಂಬ ಮಲಯಾಳಿ ಪುಟ್ಟಗೌರಮ್ಮನ ಹೊಲದ ಅಂಚನ್ನೂ ಸೇರಿಸಿ ಹಗ್ಗ ಹಿಡಿದು ಅಳೆಯುತ್ತಿದ್ದ. ಹೊಲದವರು ಕುಡುಗೋಲು ಹಿಡಿದುಕೊಂಡೇ ಓಡಿಬಂದರು. ಅವನು ಹಿಂದೆ ಹಿಂದೆ ಸರಿದ. ಪುಟ್ಟಗೌರಮ್ಮ "ಕೊಲ್ಲಿ! ಕೊಲ್ಲಿ!" ಎಂದು ಕಿರುಚಿದಳು. ಅವನು ಬಿದ್ದು ಕಾಲು ಮುರಿದುಕೊಂಡ. ಕೊಲ್ಲಲು ಹೇಳಿ ತಳ್ಳಿಸಿದಳು ಎಂದು ದೂರು ಕೊಟ್ಟ. ಬಯಲು ಸೀಮೆಯಿಂದ ಬಂದ ದುಭಾಷಿ, ಕನ್ನಡದಲ್ಲೂ ಅದರ ಅರ್ಥ ಅದೇ ಎಂದು ಬರೆಸಿಬಿಟ್ಟ. ಈ ಕಡೆ ಎರಡು ಗುಡ್ಡಗಳ ನಡುವಿನ ಆಳವಾದ ನೀರಿನ ಕೊರಕಲಿಗೆ ಕೊಲ್ಲಿ ಎನ್ನುತ್ತಾರೆಂದು ಆ ಮಹಾಶಯನಿಗೆ ಯಾರು ಹೇಳಬೇಕು? ಹಿಂದೆ ಕೊಲ್ಲಿ ಇದೆ, ಬೀಳ್ತೀಯ ಎಂದು ಅವಳು ಎಚ್ಚರಿಸಿದ್ದಳು. ಉಳಿಸಲು ಹೋದವಳು ಜೈಲು ಸೇರಿದಳು.

"ಇವತ್ತು ಉಣ್ಣಿಯ ಪಾಟೀಸವಾಲು," ಎಂದಳು ಭಾಗ್ಯಮ್ಮ. "ನಾನೇ ಹೋಗ್ತೀನಿ. ವಕಾಲತ್ತಿನಲ್ಲಿ ನನ್ನ ಹೆಸರೂ ಅದೆ."

ಸುಕುಮಾರನ್ ಮುಖದಲ್ಲಿ ನಗು ಬಂದು, ಸಾವಿನ ಮನೆಯೆಂದು ಹಿಂದೆ ಹೋಯಿತು. "ಕೋರ್ಟಿನಲ್ಲಿ ಒಂದು ಸಲವಾದರೂ ಬಾಯಿ ತೆರೆದಿದ್ದೀಯಾ?"

ತೆರೆದಿರಲಿಲ್ಲ.

* * *

ಸಾವಿರದ ಒಂಬೈನೂರ ಐವತ್ತೈದರಲ್ಲಿ ನೀಲಾಂಬಿಕೆ ಮದರಾಸಿನಲ್ಲಿ ಲಾ ಓದಿ ಬಂದಾಗ, ವಕೀಲರ ಕೋಣೆಯಲ್ಲಿ ಅವಳಿಗೆ ಕುರ್ಚಿ ಇರಲಿಲ್ಲ. "ಕಕ್ಷಿಗಾರರು ಹೊರಗೆ ನಿಲ್ಲಿ," ಎಂದು ಜವಾನ ಗದರಿದ. ಕೊನೆಗೆ ಒಬ್ಬ ಸೀನಿಯರು ಕೆಲಸ ಕೊಟ್ಟರು: ವಾಯ್ದೆ ಕೇಳುವುದು. ಹೆಂಗಸು ಕೇಳಿದರೆ ಸಾಹೇಬರು ಇಲ್ಲವೆನ್ನುವುದಿಲ್ಲ ಎಂಬುದು ಅವರ ಲೆಕ್ಕಾಚಾರ.

ಐದು ವರ್ಷ ಅದೇ ಆಯಿತು. ತಂಗಿ ಏನು ಮಾಡ್ತಾಳೆ ಎಂದು ಪನಮರಂ ಸಂತೆಯಲ್ಲಿ ಯಾರೋ ಕೇಳಿದರೆ, "ದಿನಾ ಕೋರ್ಟಿಗೋಗಿ ತಾರೀಖು ತರ್ತಾಳೆ," ಎಂದು ಗುರುಮಲ್ಲಪ್ಪ ಹೇಳಿ ನಗಿಸುತ್ತಿದ್ದರು. ಅವಳಿಗೂ ಅದು ಗೊತ್ತಿತ್ತು.

ಒಂದು ದಿನ ಮ್ಯಾಜಿಸ್ಟ್ರೇಟರು ಅವಳನ್ನು ಕಂಡೊಡನೆ ಕ್ಯಾಲೆಂಡರಿನ ಕಡೆ ತಿರುಗಿದರು.

"ವಾಯ್ದೆ ಬೇಡ," ಎಂದಳು ನೀಲಾಂಬಿಕೆ. "ವಾದ ಮಾಡ್ತೇನೆ."

ಆ ಕೇಸು ಸೋತಳು. ಸೀನಿಯರು ಅವತ್ತೇ ಮನೆಗೆ ಕಳಿಸಿದರು. ಮನೆಗೆ ಬಂದವಳು ಎರಡು ರೊಟ್ಟಿ ಹೆಚ್ಚಿಗೆ ತಿಂದಳು.

* * *

"ಹೋಗು ಭಾಗ್ಯಾ," ಎಂದರು ಗುರುಮಲ್ಲಪ್ಪ.

ಅಂಗಳದಲ್ಲಿ ಗುಜುಗುಜು ಎದ್ದಿತು. ಹೆಣ ಕೂರಿಸಿಕೊಂಡು ಎಷ್ಟು ಹೊತ್ತು ಕಾಯೋದು ಎಂದು ಯಾರೋ ಗೊಣಗಿದರು. ಗುರುಮಲ್ಲಪ್ಪ ಅತ್ತ ತಿರುಗಿಯೂ ನೋಡಲಿಲ್ಲ.

"ಅಪ್ಪ ಸತ್ತ ದಿನಾನೂ ಇವ್ಳು ಕೋರ್ಟಿಗೆ ಹೋಗಿದ್ಲು. ಆರು ತಿಂಗಳು ನಾನು ಮಾತಾಡಿಸ್ಲಿಲ್ಲ. ತಪ್ಪು ನಂದು ಕಣವ್ವ." ಅವರು ತಂಗಿಯ ಕೊರಳ ಹಾರ ಸರಿಮಾಡಿದರು. "ಹೊತ್ತು ಮುಳುಗೋದ್ರೊಳಗೆ ಬಾ. ಅಲ್ಲೀಗಂಟ ಇವ್ಳನ್ನ ಎತ್ತಾಕಿಲ್ಲ."

ಸುಕುಮಾರನ್ ಜೀಪಿನ ಬಾಗಿಲು ತೆರೆದರು.

ಅಂಗಳದಲ್ಲಿ ಭಜನೆ ಶುರುವಾಯಿತಾದರೂ ಎಲ್ಲರ ಕಿವಿ ರಸ್ತೆಯ ಮೇಲಿತ್ತು. ಪ್ರತಿ ಬಸ್ಸಿಗೂ ಶಿವಮ್ಮ ಎದ್ದಳು, ಕೂತಳು. ಬಿಸಿಲು ಇಳಿಯಿತು. ಹೊರುವವರು ಹೆಗಲಿಗೆ ವಸ್ತ್ರ ಹಾಕಿಕೊಂಡು ನಿಂತರು.

ಹಾರನ್ ಕೇಳಿಸಿತು. ಒಂದು ಸಲವಲ್ಲ, ತಿರುವಿನಿಂದ ಅಂಗಳದವರೆಗೂ ಉದ್ದಕ್ಕೆ. ಜೀಪು ನಿಲ್ಲುವ ಮೊದಲೇ ಸುಕುಮಾರನ್ ಕೆಳಗೆ ಹಾರಿದರು.

"ಕೇಳಿ, ಕೇಳಿ! ವಾಯ್ದೆಯಾ ಅಂತ ಮ್ಯಾಜಿಸ್ಟ್ರೇಟರು ಕೇಳಿದರು. ಇವಳು ಬೇಡ ಅಂದಳು! ಸರ್ಕಾರದ ಸರ್ವೆ ನಕ್ಷೆ ಬಿಚ್ಚಿದಳು. ಅದರಲ್ಲಿ ಒಂಬತ್ತು ಕೊಲ್ಲಿ! ಈ ನಕ್ಷೆ ಯಾರನ್ನ ಕೊಲ್ಲೋಕೆ ಹೇಳ್ತಿದೆ ಸಾರ್ ಅಂತ ಕೇಳಿದಳು!"

"ಆಮೇಲೆ?" ಎಂದು ಅಂಗಳವೇ ಕೇಳಿತು.

"ಆಮೇಲೆ ಉಣ್ಣಿಯ ಕಡೆ ತಿರುಗಿ, ಚೇಟ್ಟಾ, ಅಣ್ಣಾ, ನೀವು ಬಿದ್ದದ್ದು ಎಲ್ಲಿ ಅಂದಳು. ಆ ಪಾವ, ಪಾಪದವ, ಏನಂದ ಗೊತ್ತಾ? 'ಕೊಲ್ಲಿಯಿಲ್!' ಕೊಲ್ಲಿಯಲ್ಲಿ! ಈ ನೂರು ದಿನದಲ್ಲಿ ಅವನೂ ಆ ಮಾತು ಕಲಿತಿದ್ದ! ಮ್ಯಾಜಿಸ್ಟ್ರೇಟರೇ ನಕ್ಕುಬಿಟ್ಟರು. ಖುಲಾಸೆ! ಇವತ್ತೇ, ಅಲ್ಲೇ!"

ಸಾವಿನ ಮನೆಯಲ್ಲಿ ಚಪ್ಪಾಳೆ ತಟ್ಟಬಹುದೋ ಬಾರದೋ ಯಾರಿಗೂ ಹೊಳೆಯಲಿಲ್ಲ, ತಟ್ಟಿದರು. ಜೀಪಿನ ಹಿಂಬದಿಯಿಂದ ಪುಟ್ಟಗೌರಮ್ಮ ಇಳಿದಳು. ಕೂಸು ಅವಳ ಗುರುತು ಹತ್ತದೆ ಅಜ್ಜಿಯ ಸೀರೆ ಹಿಡಿದು ಚೀರಿತು. ಅವಳು ಅಳುತ್ತ ನಗುತ್ತ ಅದನ್ನು ಕಿತ್ತು ಎದೆಗೆ ಅವುಚಿಕೊಂಡಳು.

"ವಕೀಲರಿಗೆ ದಾರಿ ಬಿಡಿ," ಎಂದರು ಗುರುಮಲ್ಲಪ್ಪ. ಭಾಗ್ಯಮ್ಮ ಪಕ್ಕಕ್ಕೆ ಸರಿದಳು. "ವಕೀಲರು ಅಂದದ್ದು ನಿಂಗೇ ಕಣವ್ವ. ಮುಂದೆ ಬಾ."

ವಿಮಾನ ಎದ್ದಿತು. ಕಪ್ಪು ಗೌನಿನಲ್ಲೇ ಭಾಗ್ಯಮ್ಮ ಅದರ ಮುಂದೆ ನಡೆದಳು. ಹೊತ್ತು ಮುಳುಗುವ ಮೊದಲು ನೀಲಾಂಬಿಕೆಯನ್ನು ಕೂತಂತೆಯೇ ಗುಣಿಗೆ ಇಳಿಸಿದರು. ಎಲ್ಲರೂ ಮಣ್ಣು ಹಾಕಿದರು. ಭಾಗ್ಯಮ್ಮನಿಗೆ ಆಗ ಅಳು ಬಂತು. ಬಿಕ್ಕಿ ಬಿಕ್ಕಿ ಅತ್ತಳು.

ತೊರೆಯಲ್ಲಿ ಕೈ ತೊಳೆಯುತ್ತಿದ್ದಾಗ ಪಕ್ಕದಲ್ಲಿ ಯಾರೋ ಕುಕ್ಕರಗಾಲಲ್ಲಿ ಕೂತರು. ತೃಶ್ಶಿಲೇರಿಯ ಗದ್ದೆಗಳಲ್ಲಿ ಕೂಲಿ ಮಾಡುವ ವೆಳ್ಳಚ್ಚಿ. ಅವಳು ಅತ್ತಿತ್ತ ನೋಡಿ, ಸೊಂಟದ ಗಂಟು ಬಿಚ್ಚಿ, ಎಂಟು ಮಡಿಕೆಯ ಛಾಪಾ ಕಾಗದವೊಂದನ್ನು ಹೊರಗೆ ತೆಗೆದಳು.

ಭಾಗ್ಯಮ್ಮ ಒದ್ದೆ ಕೈಯನ್ನು ಗೌನಿಗೆ ಒರೆಸಿಕೊಂಡು, ಕಾಗದ ಹರಿಯದಂತೆ ಒಂದೊಂದೇ ಮಡಿಕೆ ಬಿಡಿಸತೊಡಗಿದಳು. ದಡದ ಮೇಲೆ ವೆಳ್ಳಚ್ಚಿಯ ಹಿಂದೆ ಇನ್ನೂ ನಾಲ್ಕು ಹೆಂಗಸರು ಬಂದು ಸಾಲಾಗಿ ನಿಂತಿದ್ದರು.