ಪರೀಕ್ಷೆಯ ರೋಗಿ

ಸೆಟೆದ ಎಡಗೈ ಅಂಗಿಯ ತೋಳಿನೊಳಗೆ ಇಳಿಯುತ್ತಿರಲಿಲ್ಲ. ಹೆಂಡತಿ ಎರಡು ಸಲ ಬಗ್ಗಿಸಲು ನೋಡಿ ಕೈ ಬಿಟ್ಟಳು.

"ಎಳೀಬೇಡ ಅಕ್ಕ. ಹಿಂದೆ ಸೀಳಿ ಹಾಕೋಣ. ಮಲಗಿದೋರ ಬೆನ್ನು ಯಾರು ನೋಡ್ತಾರೆ," ಎಂದು ಅವಳ ತಮ್ಮ ಕತ್ತರಿ ತೆಗೆದ. ಅವನು ದರ್ಜಿ.

ಅದು ಹೋಮಿಯೋಪತಿ ಕಾಲೇಜಿನ ಜವಾನನ ಖಾಕಿ ಅಂಗಿ. ಇಪ್ಪತ್ತೆಂಟು ವರ್ಷ ಅದನ್ನು ತೊಟ್ಟು ಗಂಟೆ ಹೊಡೆದವನು ನಿನ್ನೆ ಮಧ್ಯಾಹ್ನ ಅದೇ ಕಾಲೇಜಿನ ಮೆಟ್ಟಿಲ ಮೇಲೆ ಕೂತ. ಕೂತವನು ಏಳಲಿಲ್ಲ.

"ಸುತ್ತ ಅಷ್ಟು ಜನ ಡಾಕ್ಟ್ರು, ಭಾವ ಸತ್ತಿದ್ದು ಮೆಟ್ಟಿಲ ಮೇಲೆ," ಎಂದ ತಮ್ಮ. "ಐದೂವರೆ ವರ್ಷ ಓದ್ತಾರಂತೆ. ನಾನು ಆರು ತಿಂಗಳಲ್ಲಿ ಕೋಟು ಹೊಲಿಯೋದು ಕಲ್ತೆ. ಇವತ್ತಿಗೂ ನನ್ನ ಕೋಟಿಂದ ಒಂದು ಗುಂಡಿ ಬಿದ್ದಿಲ್ಲ."

"ಸುಮ್ನಿರೋ. ಬಂದ್ರು."

ಪ್ರಿನ್ಸಿಪಾಲರು ಹೂವು ಹಿಡಿದು ಬಂದರು. ಹಿಂದೆ ಏಳೆಂಟು ವಿದ್ಯಾರ್ಥಿಗಳು. ಬಿಳಿ ಕೋಟು ಕಳಚಿಟ್ಟು ಬರಬೇಕೆಂದು ಒಬ್ಬರಿಗೂ ತೋಚಿರಲಿಲ್ಲ.

"ಒಳ್ಳೆ ಮನುಷ್ಯ. ಸ್ವಲ್ಪ ನಾಟಕದವನು, ಅಷ್ಟೆ," ಎಂದರು ಪ್ರಿನ್ಸಿಪಾಲರು. ವಿದ್ಯಾರ್ಥಿಗಳು ತುಟಿಯಲ್ಲೇ ನಕ್ಕರು.

"ಸಾರ್, ನೋವು ಅಂತ ಯಾರ ಹತ್ರಾನಾದ್ರೂ ಅಂದ್ರಾ?" ಹೆಂಡತಿ ಕೇಳಿದಳು. "ಮನೇಲಿ ತುಟಿ ಬಿಚ್ಲಿಲ್ಲ. ಒಬ್ರಿಗಾದ್ರೂ ಹೇಳಿದ್ರಾ ಅಂತ ಗೊತ್ತಾದ್ರೆ ಸಾಕು ನಂಗೆ."

"ಏನೂ ಹೇಳಿಲ್ಲಮ್ಮ. ನಿನ್ನೆ ಪರೀಕ್ಷೇಲೂ ಚೆನ್ನಾಗೇ ಇದ್ದ."

ಹಿಂದೆ ನಿಂತಿದ್ದ ಒಬ್ಬ ಹುಡುಗಿ ಕೈಚೀಲವನ್ನು ಎದೆಗೆ ಒತ್ತಿಕೊಂಡಳು.

*

ಆ ಕಾಲೇಜಿಗೆ ರೋಗಿಗಳು ಬರುವುದು ಅಪರೂಪ. ಪರೀಕ್ಷೆಗೋ ರೋಗಿ ಬೇಕೇ ಬೇಕು. ಎದುರಿಗೆ ಕೂರಿಸಿಕೊಂಡು ಬಿಸಿಲು ಹಿತವೋ ನೆರಳೋ, ಯಾವ ಮಗ್ಗುಲಿಗೆ ಮಲಗುತ್ತೀರಿ, ಬಾಯಾರಿಕೆ ಹೇಗೆ ಎಂದು ಒಂದೊಂದಾಗಿ ಕೇಳಿ ಬರೆಯಬೇಕು. ಆಮೇಲೆ ಔಷಧಿ ಆರಿಸಬೇಕು. ರೋಗಿಯ ಮಾತನ್ನು ತಿದ್ದದೆ ಅವನು ಆಡಿದ ಹಾಗೇ ಬರೆಯಬೇಕು ಎಂಬುದು ಅಲ್ಲಿನ ಮೊದಲ ಪಾಠ. ರೋಗಿ ಸಿಗದ ದಿನ ಜವಾನನನ್ನೇ ರೋಗಿಯಂತೆ ನಟಿಸಲು ಕೂರಿಸುತ್ತಿದ್ದರು. ಕೂತೂ ಕೂತೂ ಯಾವ ಲಕ್ಷಣಕ್ಕೆ ಯಾವ ಔಷಧಿ ಎಂಬುದು ಅವನಿಗೆ ಬಾಯಿಪಾಠವಾಯಿತು. ಪರೀಕ್ಷೆಯ ರೋಗಿಗೆ ಅಲ್ಲಿ 'ಕೇಸ್' ಎನ್ನುತ್ತಿದ್ದರು, ಹಾಗಾಗಿ ಹುಡುಗರು ಅವನನ್ನು ಕೇಸಣ್ಣ ಎಂದು ಕರೆದರು. ದಡ್ಡರಿಗೆ ಸುಲಭದ ಕಾಯಿಲೆ ಹೇಳುತ್ತಿದ್ದ, ಜಂಬದವರಿಗೆ ಕಗ್ಗಂಟಿನದು.

"ನನ್ನ ಮಂಡಿನೋವು ಬರೆದು ಪಾಸಾದೋರು ಊರೂರಲ್ಲಿ ಬೋರ್ಡು ಹಾಕ್ಕೊಂಡಿದಾರೆ," ಎಂದು ಮನೆಯಲ್ಲಿ ನಗುತ್ತಿದ್ದ. "ನನ್ನ ಮಂಡಿಗೆ ಏನೂ ಆಗಿಲ್ಲ ಅಂತ ಒಬ್ಬನಿಗೂ ಗೊತ್ತಾಗ್ಲಿಲ್ಲ ಕಣೇ."

ನಿನ್ನೆ ಕೊನೆ ವರ್ಷದ ಆ ಹುಡುಗಿಯ ಸರದಿ.

"ಕೇಸಣ್ಣ, ಸುಲಭದ್ದು ಹೇಳಿ. ಏನೂ ಓದಿಲ್ಲ."

"ಎದೆ ಹಿಂಡ್ತಾ ಇದೆ ತಾಯಿ. ಎಡಗೈಗೆ ಇಳೀತಿದೆ."

ಅದು ಅವಳು ಓದಿದ್ದ ಒಂದೇ ಪಾಠ. "ಯಾವಾಗಿಂದ?"

"ಬೆಳಗ್ಗೆಯಿಂದ. ಇದು ನಿಜದ್ದು."

"ಸರಿ ಸರಿ. ಬಾಯಾರಿಕೆ ಹೆಂಗೆ?" ಎನ್ನುತ್ತ ಅವಳು ಕೇಸ್ ಪುಸ್ತಕದಲ್ಲಿ ಅವನ ಮಾತನ್ನು ಹಾಗೇ ಬರೆದುಕೊಂಡಳು.

ಪ್ರಿನ್ಸಿಪಾಲರು ಬಂದು ಪುಸ್ತಕ ನೋಡಿದರು, ಅವನ ಹಣೆ ನೋಡಿದರು. "ಏನಯ್ಯ, ಬೆವರೂ ತರಿಸ್ಕೋತೀಯಲ್ಲ," ಎಂದು ನಕ್ಕು ಕೆಂಪು ಪೆನ್ನು ತೆಗೆದರು. ಅವನು ಮೇಜು ಹಿಡಿದು ಎದ್ದು ಹೊರಗೆ ಹೋದ.

*

"ಅಮ್ಮ, ನಂಗೆ ಹೇಳಿದ್ರು," ಎಂದಳು ಹುಡುಗಿ. ಕೈಚೀಲದಿಂದ ಆ ಕೇಸ್ ಪುಸ್ತಕ ಹೊರಗೆ ಬಂತು.

"ಅದೆಲ್ಲ ಈಗ್ಯಾಕೆ?" ಎಂದರು ಪ್ರಿನ್ಸಿಪಾಲರು. "ಒಳಗಿಡು."

"ಇರ್ಲಿ ಸಾರ್, ನಮಗೂ ಒಂದು ಪಾಠ ಆಗ್ಲಿ," ಎಂದು ದರ್ಜಿ ಪುಸ್ತಕ ಇಸಕೊಂಡ. ಅಕ್ಕನಿಗೆ ಓದು ಬಾರದು. ಅವನೇ ಬೆರಳಿಟ್ಟು ಮೆಲ್ಲಗೆ ಓದಿದ. "ಎದೆ ಹಿಂಡ್ತಾ ಇದೆ ತಾಯಿ. ಎಡಗೈಗೆ ಇಳೀತಿದೆ. ಬೆಳಗ್ಗೆಯಿಂದ."

"ಅವರದೇ ಮಾತು," ಎಂದಳು ಹೆಂಡತಿ. "ಆಮೇಲೆ?"

ತಮ್ಮನ ಬೆರಳು ಮುಂದಿನ ಸಾಲಿಗೆ ಬಂತು. ಪುಟವನ್ನು ಪ್ರಿನ್ಸಿಪಾಲರ ಮುಖಕ್ಕೆ ತಿರುಗಿಸಿ ಹಿಡಿದ. 'ಇದು ನಿಜದ್ದು' ಎಂಬ ಸಾಲಿನ ಪಕ್ಕದಲ್ಲಿ ಕೆಂಪು ಶಾಯಿಯ ದೊಡ್ಡ ರೈಟ್ ಮಾರ್ಕು, ಅದರ ಕೆಳಗೆ ಅವರ ರುಜು.