ಉಪ್ಪಿನ ಕೋಣೆಯ ಇಬ್ಬರು ಓದುಗರು

ಟಪ್. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ, ಟಪ್.

ಗ್ರಂಥಪಾಲಕಿ ಹಾಸಿಗೆಯಲ್ಲಿ ಎದ್ದು ಕುಳಿತಳು. ಗ್ರಂಥಾಲಯದ ಹಿಂಬದಿಯ ಮನೆಯಲ್ಲಿ ಹದಿನೆಂಟು ವರ್ಷದಿಂದ ಇದ್ದವಳಿಗೆ ಆ ಕಟ್ಟಡದ ಸದ್ದುಗಳೆಲ್ಲ ಗೊತ್ತು. ಇದು ಇಲಿಯಲ್ಲ, ಕಿಟಕಿಯಲ್ಲ. ಪುಸ್ತಕ ಕೊಡುವಾಗ ಒತ್ತುವ ತಾರೀಖಿನ ಮುದ್ರೆ.

"ನಿಂಗೆ ಜಿರಲೆ ನಡೆದ್ರೂ ಕೇಳ್ಸತ್ತೆ. ಮಲ್ಕೊಳೇ," ಎಂದು ಅಕ್ಕ ಮಗ್ಗುಲು ಬದಲಿಸಿದಳು.

ಅವಳಿಗೆ ನಿದ್ದೆ ಎಲ್ಲಿಂದ ಬರಬೇಕು? ಆ ಕಟ್ಟಡ ಒಂದು ಕಾಲಕ್ಕೆ ಉಪ್ಪಿನ ಉಗ್ರಾಣ. ತಕ್ಕಡಿ ತೂಗುಹಾಕುತ್ತಿದ್ದ ಕಬ್ಬಿಣದ ಬಳೆ ತೊಲೆಯಲ್ಲಿ ಇನ್ನೂ ಇದೆ. ಈಗ ಅದಕ್ಕೆ ದೀಪ ನೇತುಹಾಕಿದ್ದಾರೆ. ಉಪ್ಪು ಹೋದ ಮೇಲೆ ಊರಿನವರು ಎರಡು ಪೆಟ್ಟಿಗೆ ಪುಸ್ತಕ ತಂದಿಟ್ಟರು. ಮೊದಮೊದಲು ಓದುವವರು ತಮ್ಮ ಸ್ಟೂಲು ತಾವೇ ಹೊತ್ತು ತರುತ್ತಿದ್ದರಂತೆ. ಉಪ್ಪಿನ ಕೋಣೆ ಎಂದೇ ಕರೆಯುವ ಹಿಂದಿನ ಕೋಣೆಯ ಗೋಡೆ ಇವತ್ತಿಗೂ ಉಪ್ಪು ಬೆವರುತ್ತದೆ, ಅದಕ್ಕೇ ಅಲ್ಲಿನ ಕಪಾಟುಗಳು ಗೋಡೆಯಿಂದ ಒಂದು ಗೇಣು ದೂರ.

ಈ ಚರಿತ್ರೆಯನ್ನೆಲ್ಲ ಬರೆದುಕೊಡಿ ಎಂದು ಮೇಲಧಿಕಾರಿ ಪತ್ರ ಕಳಿಸಿದ್ದರು. ಅದೇ ಪತ್ರದ ಕೊನೆಗೆ ಇನ್ನೊಂದು ಸಾಲು: ಐದು ವರ್ಷದಿಂದ ಯಾರೂ ಪಡೆಯದ ಪುಸ್ತಕಗಳನ್ನು ರದ್ದಿಗೆ ಹಾಕಿ, ಅವು ಇರುವ ಕೋಣೆಯನ್ನು ಪಕ್ಕದ ಕಚೇರಿಗೆ ಬಿಟ್ಟುಕೊಡಬೇಕು. ಉಪ್ಪಿನ ಕೋಣೆಯಲ್ಲಿ ಅಂಥವು ನೂರ ಇಪ್ಪತ್ತು. ತಪಾಸಣೆಗೆ ಉಳಿದದ್ದು ಇಪ್ಪತ್ತು ದಿನ.

ಟಾರ್ಚು ಹಿಡಿದು ಹೋದಳು. ದೀಪದ ಕೆಳಗೆ, ಗ್ರಂಥಾಲಯದ ಪುಸ್ತಕಗಳನ್ನು ಹೊಲಿದು ಕಟ್ಟುತ್ತಿದ್ದ ಹಳೆಯ ಬೈಂಡರ್ ಕುಳಿತಿದ್ದರು. ನಿವೃತ್ತರಾಗಿ ಆರು ವರ್ಷವಾದರೂ ಬೀಗದ ಕೈ ಅವರ ಹತ್ತಿರವೇ ಉಳಿದಿತ್ತು. ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದುತ್ತಿದ್ದರು. ಸುಳ್ಳು ಮುದ್ರೆ ಎಂದು ಗೊತ್ತಾದರೆ ತನ್ನ ಕೆಲಸಕ್ಕೇ ಸಂಚಕಾರ ಎಂದುಕೊಳ್ಳುತ್ತ ಅವಳು ಮೇಜಿನ ಹತ್ತಿರ ಹೋದಳು.

"ಏನಣ್ಣ ಇದು?"

"ನನ್ ಕಾರ್ಡಿಗೆ ದಿನಕ್ಕೆ ಎರಡು ಪುಸ್ತಕ ಅಲ್ವಾ ತಾಯಿ? ಪತ್ರದ ಸುದ್ದಿ ಕೇಳ್ದೆ, ರದ್ದಿಗೆ ಹೋಗೋವನ್ನೇ ತಗೊಂಡಿದೀನಿ. ಹತ್ತು ಪುಟ ಓದಿದ್ಮೇಲೇ ಮುದ್ರೆ. ಓದ್ದೆ ಒತ್ತಿದ್ರೆ ಕಳ್ಳತನ ಆಗತ್ತೆ."

ಹಗಲು ಬರಬಾರದೇ ಎಂದಳು. ತುಟಿ ಅಲ್ಲಾಡಿಸಿ ಓದುವುದನ್ನು ಕಂಡು ಜನ ನಗುತ್ತಾರೆ ಎಂದರು. ಆಮೇಲೆ ಕಪಾಟಿನ ಕಡೆ ನೋಡಿದರು.

"ನಲವತ್ತು ವರ್ಷ ಇವುಗಳ ಬೆನ್ನು ಹೊಲಿದೆ. ಮುಖ ನೋಡ್ಲಿಲ್ಲ."

ಅವಳು ಗಾಢ ನಿದ್ದೆಯಲ್ಲಿದ್ದ ಹಿಂದಿನ ರಾತ್ರಿಗಳಲ್ಲೇ ನೂರ ಇಪ್ಪತ್ತರಲ್ಲಿ ನಲವತ್ತು ಪುಸ್ತಕ ಮುಗಿದಿದ್ದವು. ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು: ಒಬ್ಬರಿಗೆ ಇನ್ನೂ ನಲವತ್ತು ರಾತ್ರಿ, ಇಬ್ಬರಿಗಾದರೆ ಇಪ್ಪತ್ತು. ಹದಿನೆಂಟು ವರ್ಷ ಧೂಳು ಕೊಡವಿದ್ದಳೇ ಹೊರತು ಆ ಕೋಣೆಯ ಒಂದು ಪುಸ್ತಕವನ್ನೂ ಅವಳು ತೆರೆದಿರಲಿಲ್ಲ. ಮೇಜಿನ ಖಾನೆಯಿಂದ ತನ್ನ ಕಾರ್ಡು ತೆಗೆದಳು. ಕುರ್ಚಿ ಎಳೆದರೆ ಅಕ್ಕನಿಗೆ ಕೇಳೀತೆಂದು ಎತ್ತಿ ತಂದಳು.

ಒಂದು ರಾತ್ರಿ ಅವಳ ಕೈಗೆ ಬಂದ ಕುದುರೆ ಲಾಳದ ಪುಸ್ತಕವನ್ನು ಹತ್ತು ಪುಟಕ್ಕೆ ನಿಲ್ಲಿಸಲಾಗಲಿಲ್ಲ. ಅವತ್ತು ಬೆಳಗಾಗಿಯೇ ಹೋಯಿತು.

ಇಪ್ಪತ್ತು ದಿನ ಕಳೆದು ತಪಾಸಣೆಗೆ ಬಂದ ಅಧಿಕಾರಿ ಕಪಾಟಿನಿಂದ ಅದನ್ನೇ ಹೊರಗೆಳೆದು, ಮುದ್ರೆ ನೋಡಿ, ಹುಬ್ಬೇರಿಸಿದರು.

"ಇದನ್ನೂ ಓದೋರಿದ್ದಾರಾ ಇಲ್ಲಿ?"

"ಇದ್ದಾರೆ ಸರ್."

ಮುಂಗಾಲಿನ ಲಾಳ ಏಕೆ ಹೆಚ್ಚು ದುಂಡಗೆ ಎಂದು ಕೇಳಿದ್ದರೆ ಅದನ್ನೂ ಹೇಳುತ್ತಿದ್ದಳು. ಅವರು ರಿಜಿಸ್ಟರು ತಿರುವಿ, ಓದುಗರು ಇಬ್ಬರೇ ಇದ್ದ ಹಾಗಿದೆಯಲ್ಲ ಎಂದರು. ಹೌದು, ಇಬ್ಬರೇ ಎಂದಳು. ಎಷ್ಟು ಜನ ಓದಿರಬೇಕು ಅಂತ ಆದೇಶದಲ್ಲಿಲ್ಲ ಎಂದು ಗೊಣಗುತ್ತ ಅವರು ಬರೆದರು: ಕೋಣೆ ಬಳಕೆಯಲ್ಲಿದೆ.

ಮಾರನೆಯ ದಿನ ಹಗಲಿನಲ್ಲೇ ಬೈಂಡರ್ ಬಂದು ಉಪ್ಪಿನ ಕೋಣೆಯಲ್ಲಿ ಕೂತರು. ತುಟಿ ಅಲ್ಲಾಡುತ್ತಲೇ ಇತ್ತು. ಯಾರೂ ನಗಲಿಲ್ಲ.

ಸಂಜೆ ಅವಳು ಚರಿತ್ರೆ ಬರೆಯಲು ಕುಳಿತಳು. ಉಪ್ಪು, ತಕ್ಕಡಿ, ಸ್ಟೂಲುಗಳು, ಎಲ್ಲ ಬಂದವು. ಇಪ್ಪತ್ತು ರಾತ್ರಿಗಳ ಹತ್ತಿರ ಪೆನ್ನು ನಿಂತಿತು. ಬರೆದರೆ ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ತೆರೆದದ್ದು ತಿಳಿಯುತ್ತದೆ. ಬೈಂಡರ್ ಹತ್ತಿರವಿರುವ ಬೀಗದ ಕೈ ಕಿತ್ತುಕೊಳ್ಳುತ್ತಾರೆ.

"ರಾತ್ರಿಯೆಲ್ಲ ಎಲ್ಲಿಗ್ ಹೋಗ್ತಿದ್ದೆ?" ಎಂದಳು ಅಕ್ಕ.

"ಜಿರಲೆ ಓಡ್ಸೋಕೆ."

ಪೆನ್ನಿಗೆ ಮುಚ್ಚಳ ಹಾಕಿದಳು. ಅಕ್ಕನಿಗೂ ಬೇಡ, ಚರಿತ್ರೆಗೂ ಬೇಡ. ಯಾರಿಗೂ ಹೇಳುವುದಿಲ್ಲ.