ಗೇಣು ಮೇಲಿನ ಕೈ

ಕುರ್ಚಿಯ ಪ್ಲಾಸ್ಟಿಕ್ಕು ಸೀರೆಯೊಳಗಿಂದಲೂ ಬೆನ್ನು ಸುಡುತ್ತಿದೆ, ಪೆಂಡಾಲಿನ ತೂತಿನಿಂದ ಬಿದ್ದ ಬಿಸಿಲು ನೇರ ಮೊಣಕಾಲ ಮೇಲೆ, ನಡುವೆ ಕೂತವರಿಗೆಲ್ಲ ಬಿಳಿ ಬಟ್ಟೆ ಹಾಕಿದ ಮೆತ್ತನೆಯ ಕುರ್ಚಿ, ತುದಿಯ ಇದೊಂದಕ್ಕೆ ಬಟ್ಟೆ ಸಾಲಲಿಲ್ಲವಂತೆ, ಸಾಲದೆ ಹೋಗುವುದು ಯಾವಾಗಲೂ ತುದಿಗೇ, ಎಂದುಕೊಂಡು ಸಾವಂತ್ರೆವ್ವ ತುಟಿ ಬಿಗಿದು ಕೂತಳು. ಮೈಕಿನ ಮುಂದೆ ಶಾಲೆಯ ಮಾಸ್ತರ, ನಮ್ಮ ಗ್ರಾಮದ ಹೆಮ್ಮೆಯ ಹೋರಾಟಗಾರ್ತಿ ಶ್ರೀಮತಿ ಸಾವಂತ್ರೆವ್ವನವರು ಅನ್ನುತ್ತಿದ್ದಾನೆ — ಶ್ರೀಮತಿ, ಅವರು, ಈ ಊರ ಬಾಯಲ್ಲಿ ಆಕೆಯ ಹೆಸರಿಗೆ ಇಷ್ಟು ಗೌರವ ಅಂಟಿದ್ದು ಇವತ್ತೇ, ಏ ಸಾವಂತ್ರಿ ಅನ್ನುವುದನ್ನು ಕೇಳಿಕೇಳಿಯೇ ತಲೆ ಬೆಳ್ಳಗಾಯಿತು. ಜಯಂತಿಯ ಹಾರ ಎಷ್ಟು ದಪ್ಪ, ಪಟದೊಳಗಿನ ಬಾಬಾಸಾಹೇಬರ ಮುಖವೇ ಮುಚ್ಚಿಹೋಗಿದೆ, ಕನ್ನಡಕ ಮಾತ್ರ ಕಾಣುತ್ತದೆ, ಮುಚ್ಚಲೆಂದೇ ಹಾಕಿದರೋ ಏನೋ. ಎಲ್ಲರ ಮುಂದೂ ಒಂದೊಂದು ನೀರಿನ ಬಾಟಲಿ, ಸೀಲು ಒಡೆಯದ್ದು, ಬಾಟಲಿ ಬಂದು ಇವರಿಗೆ ಎಷ್ಟು ಹಗುರಾಯಿತು, ಯಾರೂ ಯಾರಿಗೂ ಕೈಯಾರೆ ನೀರು ಕೊಡಬೇಕಿಲ್ಲ, ನೀರು — ಬೋರಿನ ನೀರು ಆಗಲೂ ಸವುಳು, ಎತ್ತುಗಳು ಮೂಸಿ ತಲೆ ಕೊಡವುತ್ತಿದ್ದವು, ಕುಡಿಯಲು ಇದ್ದದ್ದು ಕೆರೆಯೊಂದೇ, ಆ ಕೆರೆಯ ಮೆಟ್ಟಿಲಿಳಿಯಲು ಕೇರಿಯವರಿಗೆ ಅಪ್ಪಣೆಯಿಲ್ಲ, ಖಾಲಿ ಕೊಡ ಇಟ್ಟು ಏರಿಯ ಮೇಲೆ ನಿಲ್ಲಬೇಕು, ಯವ್ವಾರ ಒಂದ್ ಕೊಡಾ ಹಾಕ್ರಿ, ತಾಯಾರ ಒಂದ್ ಕೊಡಾ ಹಾಕ್ರಿ, ಮನಸ್ಸು ಬಂದವರು ಸುರಿಯುತ್ತಿದ್ದರು, ಕೊಡಕ್ಕೆ ಕೊಡ ತಾಕೀತೆಂದು ಎತ್ತರದಿಂದ, ಅರ್ಧ ಒಳಗೆ, ಅರ್ಧ ಕಾಲ ಮೇಲೆ. ಒಂದು ಮುಂಜಾನೆ ಕಾಯ್ದು ಕಾಯ್ದು ಸಾಕಾಗಿ ಸೆರಗು ಸಿಕ್ಕಿಸಿ ಇಳಿದೇ ಬಿಟ್ಟಳಲ್ಲ, ಹರೆಯದ ಕಾಲು, ಹಿಂದೆಯೇ ಚಿಕ್ಕಪ್ಪನ ಮಗ ಮುದಕಪ್ಪ, ಇಳೀಬೇ ಯಕ್ಕಾ ನಾ ಅದೀನಿ ಅನ್ನುತ್ತ, ನೀರು ಮೊಣಕಾಲಿಗೆ ತಣ್ಣಗೆ ಹತ್ತಿದ್ದು ಈಗಲೂ ಹತ್ತುತ್ತದೆ, ಏರಿಯ ಮೇಲಿಂದ ಈರಪ್ಪಗೌಡರು, ಏ ಸಾವಂತ್ರಿ, ಊರ ನೀರ್ ಕೆಡಿಸಿದೆಲ್ಲಲೇ, ಆಕೆ ತಲೆ ಎತ್ತಿ, ನಿಮ್ಮ ಎಮ್ಮಿ ದಿನಾ ಇಳೀತಾವ್ರೀ, ಅವಕ್ಕ ಕೆಡಲಾರದ್ದು ನನಗ ಕೆಡತೈತೇನ್ರಿ, ಅಂದದ್ದಷ್ಟೇ, ಕಲ್ಲು ಬಂತು, ಆಕೆಗೆ ಬಂದದ್ದು ಮುದಕಪ್ಪನ ಹಣೆಗೆ ಕೂತಿತು, ನೀರು ಕೆಂಪಾಯಿತು, ಆಗ ಮಾತ್ರ ಕೆರೆ ಖರೇನೇ ಕೆಟ್ಟಿತು.

ಅದೇ ಮುದಕಪ್ಪ ಈಗ ಆ ಗೌಡರ ಮಗನ ಎಡಕ್ಕೆ ಮೆತ್ತನೆ ಕುರ್ಚಿಯಲ್ಲಿ ಕೂತಿದ್ದಾನೆ, ಪಂಚಾಯತಿ ಮೆಂಬರು, ಇಸ್ತ್ರಿ ಮುರಿಯದ ಬಿಳಿ ಅಂಗಿ, ಕೂದಲಿಗೆ ಕರಿ ಬಣ್ಣ, ಬಣ್ಣದ ಕೆಳಗೆ ಆ ಕಲ್ಲಿನ ಕಲೆ ಬೆಳ್ಳಗೆ ಉಳಿದಿದೆ, ಅದಕ್ಕೆ ಯಾವ ಬಣ್ಣವೂ ಹಿಡಿಯಲಿಲ್ಲ. ಕೆರೆಗಿಳಿದ ಆ ವರ್ಷ ಊರಿಗೂರೇ ಕೂಲಿ ನಿಲ್ಲಿಸಿದಾಗ, ಗಿರಣಿಯವನು ಕೇರಿಯ ಜೋಳ ಬೀಸಲಾರೆ ಅಂದಾಗ, ಚೀಲ ತಲೆ ಮೇಲಿಟ್ಟುಕೊಂಡು ಆಕೆಯ ಜೊತೆ ಯಮನೂರಿಗೆ ನಡೆದವನು ಇವನೇ, ಹಣೆಗೆ ಪಟ್ಟಿ ಕಟ್ಟಿಕೊಂಡು, ಅಲ್ಲಿ ದಾವೂದಸಾಬರು ಗಿರಣಿ ಹಚ್ಚಿ, ಮೊದ್ಲ ನೀರ್ ಕುಡೀರ್ವಾ, ಬಿಸಲಾಗ ಬಂದೀರಿ, ಎಂದು ತಮ್ಮ ತಂಬಿಗೆಯನ್ನೇ ಕೈಗೆ ಕೊಟ್ಟಾಗ ಮುದಕಪ್ಪ ಗೊಳೋ ಎಂದು ಅತ್ತಿದ್ದ, ಅಂಥವನು, ಅಂಥವನು ನಿನ್ನೆ ಮನೆಗೆ ಬಂದು ಹೊಸ್ತಿಲಲ್ಲೇ ಕೂತು, ಯಕ್ಕಾ, ಹೇಮಂತಗೌಡ್ರು ನಿನಗ ಸನ್ಮಾನ ಮಾಡ್ತಾರಂತ, ಸ್ಟೇಜ್ ಮ್ಯಾಲ ನೀ ಒಂದ ಮಾತ್ ಹೇಳಿಬಿಡು, ನಮ್ಮೂರಾಗ ಈಗ ಯಾವ ಭೇದಭಾವ ಇಲ್ಲಂತ, ಹಿರೇ ಮನಷಾಳು ನೀ ಹೇಳಿದ್ರ ಸುನೀತಾನೂ ಕೇಸ್ ಹಿಂದ ತಗೋತಾಳ. ಸುನೀತಾ, ತಂಗಿಯ ಮಗಳು, ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಎಲ್ಲರಿಗೂ ಗಾಜಿನ ಗ್ಲಾಸು, ಕೇರಿಯವರಿಗೆ ಕಾಗದದ ಕಪ್ಪು, ನನಗೂ ಗ್ಲಾಸಿನ್ಯಾಗ ಕೊಡ್ರಿ ಅಂದಳು ಹುಡುಗಿ, ಅದು ಸ್ವಚ್ಛರೀ ತಂಗಿ, ಕುಡದ್ ಒಗದ್ರ ಆತು ಅಂದ ಅಂಗಡಿಯವನು, ಅಷ್ಟ್ ಸ್ವಚ್ಛ ಇದ್ರ ಗೌಡ್ರಿಗೂ ಅದರಾಗ ಕೊಡ್ರಿ ಅಂತ ಆಕೆ ಗ್ಲಾಸಿಗೆ ಕೈ ಹಾಕಿದಳು, ಜಗ್ಗಾಟವಾಯಿತು, ಕುದಿಯುವ ಚಹಾ ಆಕೆಯ ಕೈಮೇಲೆ ಬಿತ್ತು, ಬಿತ್ತೋ ಚೆಲ್ಲಿದರೋ, ಬೊಬ್ಬೆ ಎದ್ದ ಕೈಯಿಂದಲೇ ಪೊಲೀಸರಿಗೆ ಬರೆದುಕೊಟ್ಟು ಬಂದಳು, ಅಂದಿನಿಂದ ಕೇರಿಗೆ ಮತ್ತೆ ಕೂಲಿಯಿಲ್ಲ, ಗಿರಣಿಯಿಲ್ಲ. ಕೇಸ್ ಹಿಂದ ತಗೋ ಅಂತ ನಾ ಹ್ಯಾಂಗ್ ಹೇಳ್ಲಿ ಮುದಕ, ಆಕೀ ಕೈ ನೋಡೀಯೇನು, ಅಂದದ್ದಕ್ಕೆ ಅವನು ನೆಲ ನೋಡಿದ, ಊರಾಗ ಬಾಳೇ ಮಾಡಬೇಕಲ್ಲಬೇ ಯಕ್ಕಾ. ಬಾಳ್ವೆ — ಬಾಳ್ವೆಯೆಂದರೆ ಇದೇ ಏನು, ಇವನ ಎದುರು ಚಹಾ ಇಟ್ಟಾಗ ಕಾಗದದ ಕಪ್ಪನ್ನು ಸದ್ದಿಲ್ಲದೆ ಹಿಡಿಯುವುದು, ಮೆಂಬರಾದ ಮೇಲೂ ಇವನಿಗೆ ಕಾಗದದ್ದೇ, ಅದು ಆಕೆಗೆ ಗೊತ್ತು, ಆಕೆಗೆ ಗೊತ್ತೆಂದು ಇವನಿಗೂ ಗೊತ್ತು, ಅದಕ್ಕೇ ಈ ಕಡೆ ತಿರುಗುವುದೇ ಇಲ್ಲ, ತಿರುಗಲೇ ಮುದಕಾ, ಒಮ್ಮೆ ತಿರುಗಿ ನೋಡು.

ಈಗ ಸನ್ಮಾನ ಅಂದರು, ಎಬ್ಬಿಸಿದರು, ಹೇಮಂತಗೌಡ ಬಂದ, ಈರಪ್ಪಗೌಡರ ಮಗ, ಅಪ್ಪನ ಹಾಗೆ ಕೂಗುವವನಲ್ಲ, ಮೈಯಿಂದ ಅತ್ತರಿನ ವಾಸನೆ, ನಮಸ್ಕಾರ್ರೀ ಅವ್ವಾರ, ನಗು ನೋಡು, ಜರಿಯ ಶಾಲನ್ನು ಎರಡೂ ತುದಿ ಹಿಡಿದು ಬಿಡಿಸಿದ, ಆಕೆಯ ತಲೆಯ ಹಿಂದಕ್ಕೆ ತಂದ, ಫೋಟೊದವನು ಇತ್ಲಾಗ್ ನೋಡ್ರಿ ಅಂದ, ಆಗ, ಭುಜದಿಂದ ಒಂದು ಗೇಣು ಮೇಲೆ, ಬೆರಳು ಬಿಚ್ಚಿಕೊಂಡವು. ಶಾಲು ಬಿತ್ತು. ಹೊದಿಸಿದ್ದಲ್ಲ, ಬಿತ್ತು, ಒಂದು ತುದಿ ಜಾರಿ ಮೊಣಕೈಗೆ ಬಂತು, ಎಲ್ಲರೂ ಚಪ್ಪಾಳೆ ತಟ್ಟಿದರು, ಯಾರಿಗೂ ಏನೂ ಕಂಡಂತಿಲ್ಲ, ಆಕೆಗೆ ಕಂಡಿತು, ಬೆರಳು ಬಿಚ್ಚಿದ ಆ ಕೈ, ಪಾಪ ಅಪ್ಪ ಕಲ್ಲೆಸೆಯುವಾಗ ಮುಖ ಕೊಟ್ಟು ಎಸೆದಿದ್ದ, ಮಗ ನಗುತ್ತ ಎಸೆಯುವುದನ್ನು ಕಲಿತಿದ್ದಾನೆ. ಮೈಕು ಕೈಗೆ ಬಂತು, ಮಾಸ್ತರ ಎರಡ್ ಮಾತ್ ಆಡ್ರಿ ಅಂದ, ಮುದಕಪ್ಪ ಈಗ ತಿರುಗಿದ, ಕಣ್ಣಲ್ಲೇ ಬೇಡುತ್ತಿದ್ದಾನೆ, ಒಂದ ಮಾತು ಯಕ್ಕಾ, ಎದುರಿಗೆ ಹೆಂಗಸರ ನಡುವೆ ಸುನೀತಾ, ಕೈಗೆ ಬಿಳಿ ಪಟ್ಟಿ, ಆಕೆ ಏನೂ ಬೇಡುತ್ತಿಲ್ಲ, ಸುಮ್ಮನೆ ನೋಡುತ್ತಿದ್ದಾಳೆ, ದೊಡ್ಡವ್ವ ಏನನ್ನುತ್ತಾಳೆಂದು, ಭೇದ ಇಲ್ಲ ಅಂದರೆ ನಾಳೆಯಿಂದ ಕೂಲಿಗೆ ಕರೆಯುತ್ತಾರೆ, ಗಿರಣಿ ಬೀಸುತ್ತದೆ, ಎಲ್ಲ ತಣ್ಣಗಾಗುತ್ತದೆ, ಆ ಹುಡುಗಿಯ ಕೈ ಒಂದು ಬಿಟ್ಟು. ಸಾವಂತ್ರೆವ್ವ ಶಾಲು ತೆಗೆದಳು, ಮಡಚಲಿಲ್ಲ, ಹಾಗೇ ಗೌಡನ ಮುಂದೆ ಹಿಡಿದಳು. ಗೌಡ್ರ, ಇದನ್ನ ಮತ್ತೊಮ್ಮೆ ಹೊಚ್ಚರಿ. ಯಾಕ್ರೀ ಅವ್ವಾರ, ಹೊಚ್ಚೀನಲ್ರಿ. ಹೊಚ್ಚಿಲ್ರಿ, ಮ್ಯಾಲಿಂದ ಒಗದೀರಿ, ಈ ಸರ್ತಿ ಭುಜಾ ಮುಟ್ಟಿ ಹೊಚ್ಚರಿ, ನೀವು ಮುಟ್ಟಿದ್ರ ಊರಾಗ ಭೇದ ಇಲ್ಲಂತ ನಾನ ಮೈಕಿನ್ಯಾಗ ಹೇಳ್ತೀನಿ, ಮುಟ್ಟದಿದ್ರ ಸುನೀತಾನ ಕೇಸು ಇದ್ದಲ್ಲೇ ಇರತೈತಿ. ಮೈಕು ಎಲ್ಲವನ್ನೂ ಊರಿಗೆ ಸಾರಿತು, ಒಂದೊಂದಾಗಿ ಮೊಬೈಲುಗಳು ಮೇಲೆದ್ದವು, ಏ ಯಕ್ಕಾ, ಸುಮ್ನಿರಬೇ, ಮುದಕಪ್ಪ ಎದ್ದು ಬಂದು ಮೈಕಿಗೆ ಕೈ ಹಾಕಿದ, ಆಕೆ ಬಿಡಲಿಲ್ಲ, ಮುದಕಾ, ನಿನ್ನ ಹಣೀಗೆ ಕೈ ಇಟ್ಟು ನೋಡಿಕೋ ಅಂದಳು, ಅವನ ಕೈ ಮೈಕಿನಿಂದ ತಾನಾಗಿ ಜಾರಿತು. ಗೌಡ ಶಾಲು ತೆಗೆದುಕೊಂಡಿದ್ದಾನೆ, ನಗು ತುಟಿಯಲ್ಲಷ್ಟೇ ಉಳಿದಿದೆ, ಮುಂದಿನ ಸಾಲಿನಲ್ಲಿ ಅವನ ಕಡೆಯವರು ಕಾಯುತ್ತಿದ್ದಾರೆ, ಆಕೆ ಕದಲುವುದಿಲ್ಲ, ಸೆರಗು ಸರಿಸಿ ಭುಜ ಮುಂದೆ ಕೊಟ್ಟಿದ್ದಾಳೆ, ಶಾಲು ಬರುತ್ತದೆ, ಕೈ ಬರುತ್ತದೆ, ಉಂಗುರದ ಬೆರಳು, ನಡುಬೆರಳು, ಇಳಿಯುತ್ತದೆ, ನಿಲ್ಲುತ್ತದೆ, ಇಳೀ ಗೌಡಾ, ಇಳಿ, ಇಳಿಯುತ್ತಿಲ್ಲ, ಆ ಕೈ, ಭುಜದಿಂದ ಒಂದು ಗೇಣು ಮೇಲೆ, ಆ ಕೈ —